ಭಟ್ಟರು ಬಡಿಸಿದ ಸಪ್ಪೆ ಊಟ

ಆಗ ನಾನು ಮದ್ರಾಸಿನ ಬ್ಯಾಂಕೊಂದರಲ್ಲಿದ್ದೆ. ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗಿ ನುಂಗಿ ಮುಖ ಪೂರಿಯಂತೆ ಊದಿಕೊಂಡಿತ್ತು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ನನ್ನ ಊಟವೆಲ್ಲ ಕೋಡಂಬಾಕ್ಕಂನ ಒಂದು ಉಡುಪಿ ಹೋಟೆಲಿನಲ್ಲಿ. ಅಲ್ಲಿನ ಅಡುಗೆ ಭಟ್ಟರಿಗೆ ವಿಷಯ ಹೇಳಿದೆ.

ಮರುದಿನದಿಂದಲೇ ಭಟ್ಟರು ಉಪ್ಪು ಹಾಕುವ ಮುಂಚೆ ನನ್ನ ಪಾಲಿನ ಸಾಂಬಾರು, ಪಲ್ಯ ತೆಗೆದಿಟ್ಟು ತಾವೇ ತಂದು ಬಡಿಸತೊಡಗಿದರು. ತಿಂಗಳಾಯಿತು, ಮುಖ ಮಾತ್ರ ಇಳಿಯಲಿಲ್ಲ.

"ಸಾಂಬಾರಿನ ಜೊತೆಗೆ ಇನ್ನೇನು ತಿಂತೀರಿ?" ಎಂದು ಡಾಕ್ಟರು ಕೇಳಿದಾಗಲೇ ನನಗೆ ಹೊಳೆದದ್ದು. ಸಪ್ಪೆ ಊಟ ಮಾಡುವವನೆಂಬ ಕನಿಕರಕ್ಕೆ ಭಟ್ಟರು ದಿನವೂ ನನ್ನ ಎಲೆಯ ತುದಿಗೆ ಎರಡು ಮಾವಿನಮಿಡಿ ಉಪ್ಪಿನಕಾಯಿ, ಎರಡು ಹಪ್ಪಳ ಹೆಚ್ಚಿಗೆ ಇಡುತ್ತಿದ್ದರು. ನಾನೂ ಚಪ್ಪರಿಸಿ ತಿನ್ನುತ್ತಿದ್ದೆ.

ಭಟ್ಟರಿಗೆ ಹೇಳಿದರೆ, "ಅದು ಊಟಕ್ಕೆ ಲೆಕ್ಕ ಇಲ್ಲ ಮಾರಾಯ್ರೆ, ಊಟ ಗಂಟಲಲ್ಲಿ ಇಳೀಲಿಕ್ಕೆ" ಎಂದರು. ಆದರೂ ಒಲ್ಲದ ಮನಸ್ಸಿನಿಂದ ನಿಲ್ಲಿಸಿದರು.

ಬಾವು ಮೆಲ್ಲಮೆಲ್ಲನೆ ಇಳಿಯಿತು. ಒಂದು ದಿನ ಬಡಿಸುತ್ತಾ ಭಟ್ಟರು ನನ್ನ ಮುಖವನ್ನೇ ನೋಡಿ ನಿಟ್ಟುಸಿರು ಬಿಟ್ಟರು.

"ಎಷ್ಟು ಸೊರಗಿ ಹೋದ್ರಿ. ನಮ್ಮಲ್ಲಿ ಊಟ ಮಾಡ್ತೇನೆ ಅಂತ ಮಾತ್ರ ಯಾರ ಹತ್ರವೂ ಹೇಳ್ಬೇಡಿ."