ಗೋದಾಮಿನ ಗೋಡೆಗೆ ಯಂಕವ್ವನ ಕೌದಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಯಲವಿಗಿ ಸ್ಟೇಷನ್ನಿನಲ್ಲಿ ಹರಿಹರದ ಕಡೆಯ ಗಾಡಿ ನಿಂತು ಹೊರಡುವಷ್ಟರಲ್ಲಿ ಯಂಕವ್ವ ಏಳು ಸೂಜಿಗೆ ದಾರ ಪೋಣಿಸಿ ಸೆರಗಿಗೆ ಸಾಲಾಗಿ ಚುಚ್ಚಿಕೊಂಡಿದ್ದಾರೆ. ಪಡಸಾಲೆಯ ತುಂಬ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿದೆ. ಅದರ ಮೇಲೆ ಮೊಣಕಾಲೂರಿ, ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು, ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ಮಾತಾಡಿಸಿದರೆ ತಲೆ ಎತ್ತುವುದಿಲ್ಲ, ಉತ್ತರ ಮಾತ್ರ ತಪ್ಪಿಸುವುದಿಲ್ಲ.

"ಕುಂದರ್ರಿ. ಆ ಮೂಲ್ಯಾಗ ಕಾಲಿಡಬ್ಯಾಡ್ರಿ, ಅದಕ್ಕಿನ್ನೂ ಹೊಟ್ಟಿ ತುಂಬಿಲ್ಲ."

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಹಿಡಿ ಜೋಳ ಇಡುವುದು ಈ ಮನೆಯ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಇಲಿ ಬರುವುದಿಲ್ಲವೇ ಎಂದು ಕೇಳಿದೆ. "ಬರ್ತಾವ. ಅವಕ್ಕೂ ಹೊಟ್ಟಿ ಐತಲ್ರಿ" ಎಂದು ಇನ್ನೊಂದು ಸೂಜಿ ತೆಗೆದರು.

ನಿಜ ಹೇಳಬೇಕೆಂದರೆ ನಾನು ಯಂಕವ್ವನನ್ನು ಹುಡುಕಿಕೊಂಡು ಹೋದವನೇ ಅಲ್ಲ. ಕಳೆದ ನವೆಂಬರಿನಲ್ಲಿ ಬಂಕಾಪುರದ ಹೊರಗಿನ ಮೆಕ್ಕೆಜೋಳದ ಗೋದಾಮಿನಲ್ಲಿ ಐದು ಬ್ಯಾಂಡುಗಳ ಎಮೋ ಮತ್ತು ಪಾಪ್-ಪಂಕ್ ಕಾರ್ಯಕ್ರಮ ಇತ್ತು. ಪಾಪ್-ಪಂಕ್ ಎಂದರೆ ಓಟದ ಲಯ, ಗಿಟಾರು, ತುಂಟತನ. ಎಮೋ ಎಂದರೆ ಎದೆಯೊಳಗಿನದನ್ನು ಗಂಟಲು ಹರಿಯುವಂತೆ ಕೂಗಿ ಹಾಡುವುದು. ಕಪ್ಪಂಗಿ ತೊಟ್ಟು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡ ಹುಡುಗ ಹುಡುಗಿಯರ ಬಗ್ಗೆ ಬರೆಯೋಣವೆಂದು ಒಳಗೆ ಹೋದರೆ, ನಾಲ್ಕೂ ಗೋಡೆಗಳಿಗೆ ಸೂರಿನಿಂದ ನೆಲದವರೆಗೆ ಕೌದಿಗಳು ನೇತಾಡುತ್ತಿದ್ದವು. ಗಿಟಾರು ನೋಡುವುದು ಬಿಟ್ಟು ಹೊಲಿಗೆ ನೋಡುತ್ತ ನಿಂತುಬಿಟ್ಟೆ.

ಯಂಕವ್ವನಿಗೆ ಈಗ ಅರವತ್ನಾಲ್ಕು. ಸೂಜಿ ಹಿಡಿದದ್ದು ಹನ್ನೆರಡರಲ್ಲಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದೂ ಈ ಸೂಜಿಯಿಂದಲೇ. ಒಂದು ಕೌದಿಗೆ ಎಂಟು ಸೀರೆ, ಹದಿನೈದು ದಿನ, ದಿನಕ್ಕೆ ಆರು ತಾಸು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಇವರ ಕೌದಿ ಹೊದ್ದು ಮಲಗುವ ಮನೆಗಳಿವೆ, ಹೊಲಿದವರ ಹೆಸರು ಗೊತ್ತಿರುವ ಮನೆಗಳು ಕಡಿಮೆ. ಬಲಗೈ ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಎಷ್ಟು ಹೊಲಿದಿರಬಹುದು ಎಂದರೆ, "ಸಾವಿರ ಆಗಿರಬೇಕ್ರಿ. ಹೊದಿಯೋ ಮಂದೀನ ಯಾರ ಎಣಸ್ತಾರ?" ಎನ್ನುತ್ತಾರೆ.

ಕೌದಿ ಗೋಡೆ ಏರಿದ್ದಕ್ಕೆ ಕಾರಣ ಮೊಮ್ಮಗಳು ಜಯಾ. ಇಪ್ಪತ್ತೆರಡರ ಈ ಹುಡುಗಿ ಐದು ಬ್ಯಾಂಡುಗಳ ಪೈಕಿ ಒಂದರಲ್ಲಿ ಹಾಡುತ್ತಾಳೆ. ಮೂರು ವರ್ಷದ ಹಿಂದೆ ಪರ ಊರಿಗೆ ನರ್ಸಿಂಗ್ ಓದಲು ಹೋದವಳು ಮೂರೇ ತಿಂಗಳಿಗೆ ಟ್ರಂಕು ಹೊತ್ತು ವಾಪಸು ಬಂದಳು. ಯಾಕೆ ಎಂದರೆ ಬಾಯಿ ಬಿಡಲಿಲ್ಲ. ಆಮೇಲೆ ಸವಣೂರಿನ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸ ಹಿಡಿದಳು, ಹಾಡು ಬರೆಯತೊಡಗಿದಳು.

"ಬಂದ ಹೊಸತರಾಗ ಮುಸುಕು ಹಾಕ್ಕೊಂಡು ಅಳ್ತಿದ್ಲರಿ. ನಾ ಮಗ್ಗಲಾಗ ಮಲಗಿದ್ದೆ. ಮೈ ನಡುಗೋದು ತಿಳೀತಿತ್ತು, ದನಿ ಮಾತ್ರ ಕೇಳಸ್ತಿದ್ದಿಲ್ಲ. ಎಂಟು ಸೀರಿ ಪದರ ನಾನ ಹೊಲದಿದ್ದೆ. ಹೆಂಗ ಕೇಳೀತು?" ಇಷ್ಟು ಹೇಳುವಾಗ ಯಂಕವ್ವನ ಸೂಜಿ ನಿಲ್ಲುತ್ತದೆ.

ನವೆಂಬರಿಗೂ ಮುಂಚೆ ಗೋದಾಮಿನಲ್ಲಿ ಮೊದಲ ಸಲ ಕಾರ್ಯಕ್ರಮ ನಡೆದಾಗ ಮೊಮ್ಮಗಳ ಹಾಡಿನಲ್ಲಾದರೂ ಕಾರಣ ತಿಳಿದೀತೆಂದು ಯಂಕವ್ವ ಹೋಗಿದ್ದರು. ತಗಡಿನ ಸೂರು, ಬೋಳು ಗೋಡೆ. ಒಂದು ಮಾತು ಹತ್ತಾಗಿ ತಿರುಗಿ ಬಂದು ಬರೀ ಗದ್ದಲವಾಯಿತು. ಹೊರಗೆ ಬಂಕಾಪುರದ ನವಿಲುಗಳು ಗದ್ದಲಕ್ಕೆ ಬೆದರಿ ಒಂದೇ ಸಮನೆ ಕಿರುಚಿದವು, ಅಕ್ಕಪಕ್ಕದವರು ಬಂದು ಜಗಳ ತೆಗೆದರು. ಗೋದಾಮಿನ ಮಾಲೀಕ ಮಹಮ್ಮದಗೌಸ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದ ಸಲ ಕೊಡ್ತೇನಿ. ಮತ್ತ ಹಿಂಗ ಆತಂದ್ರ ಕೀಲಿ ಹಾಕ್ತೇನಿ."

ಶಬ್ದ ತಡೆಯುವ ಹಲಗೆ ತರಿಸುವ ಶಕ್ತಿ ಹುಡುಗರಿಗಿರಲಿಲ್ಲ. "ಕೌದಿ ಕಟ್ರಿ. ಅದು ಏನ ಬೇಕಾದ್ದ ನುಂಗ್ತೈತಿ" ಎಂದವರು ಯಂಕವ್ವ. ಊರಲ್ಲಿ ಮನೆಮನೆ ತಿರುಗಿ ತಾವೇ ಹೊಲಿದುಕೊಟ್ಟಿದ್ದ ನಲವತ್ತು ಕೌದಿ ಎರವಲು ತಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಾರ್ಯಕ್ರಮಕ್ಕೆ ಎರಡು ದಿನವಿದೆ ಎನ್ನುವಾಗ ನಲವತ್ತನ್ನೂ ಹಳ್ಳಕ್ಕೆ ಒಯ್ದು ಒಗೆದುಬಿಟ್ಟರು!

"ಮಂದಿ ಮನಿ ಕೌದಿ ಮಂದಿ ಮುಂದ ತೂಗ ಹಾಕೂದು. ಎಣ್ಣಿ ಜಿಡ್ಡು, ಕೂಸಿನ ಉಚ್ಚಿ ಕಲಿ, ಎಲ್ಲಾ ಕಂಡ್ರ ಆ ಮನಿಯಾಕಿ ಮರ್ಯಾದಿ ಏನಾಗಬೇಕ್ರಿ?"

ಅವರ ಲೆಕ್ಕ ಸರಿಯಾಗಿಯೇ ಇತ್ತು, ಬಿಸಿಲು ಕೈಕೊಟ್ಟಿತು. ಎರಡು ದಿನವೂ ಮೋಡ. ಕಾರ್ಯಕ್ರಮದ ದಿನ ಬೆಳಗ್ಗೆ ಒಣಗಿದ್ದವು ಆರೇ ಆರು. ಹಸಿ ಕೌದಿಯೊಂದನ್ನು ಕಟ್ಟಿ ನೋಡಿದರೆ ಅದರ ಭಾರಕ್ಕೆ ತೂಗುಹಾಕುವ ಬಿದಿರಿನ ಗಳ ಲಟಕ್ಕನೆ ಮುರಿಯಿತು. ಹನ್ನೊಂದಕ್ಕೆ ಮೊದಲ ಬ್ಯಾಂಡು ಶುರುವಾಗಬೇಕು. ಯಂಕವ್ವ ಗೋದಾಮಿನ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟರಂತೆ. ಮೊಮ್ಮಗಳ ಜಾಗ ತನ್ನ ಕೈಯಿಂದಲೇ ಹೋಯಿತಲ್ಲ ಎಂಬ ಸಂಕಟ.

ಆಗ ಡ್ರಮ್ಮು ಬಾರಿಸುವ ಹಿರೇಕೆರೂರಿನ ಲೋಹಿತ ಟಿಕೆಟ್ ತಗೊಂಡವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಾಲು ಹಾಕಿದ: "ಬರೋವಾಗ ನೀವು ಹೊದ್ದ ಕೌದಿ ತಗೊಂಡ ಬರ್ರಿ. ಒಗೀಬ್ಯಾಡ್ರಿ."

ಬಂದರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದ ಬೈಕಿನ ಹಿಂದೆ ಕೌದಿ ಸುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ನೂರಾ ಹನ್ನೆರಡು ಕೌದಿ. ತಲೆದಿಂಬಿನ ಕಡೆ ಎಣ್ಣೆ ಜಿಡ್ಡು, ನಡುವೆ ಚಹಾದ ಕಲೆ. ಯಾವುದನ್ನು ಮಂದಿಯ ಕಣ್ಣಿಂದ ಮುಚ್ಚಬೇಕೆಂದು ಯಂಕವ್ವ ಎರಡು ದಿನ ಬೆನ್ನು ಮುರಿದುಕೊಂಡಿದ್ದರೋ ಅದೆಲ್ಲ ಸಾಲಾಗಿ ಗೋಡೆ ಏರಿತು. ಮೊದಮೊದಲು ಮುಖ ತಿರುಗಿಸಿದ ಅವರು ಆಮೇಲೆ ತಾವೇ ಎದ್ದು ಗಂಟು ಹಾಕಿದರು. ಹನ್ನೊಂದು ಕೌದಿಗಳಲ್ಲಿ ತಮ್ಮ ಹೊಲಿಗೆ ಗುರುತು ಹಿಡಿದರು.

ಅಂದು ಹೊರಗೆ ಬೇವಿನ ಮರದಡಿ ಕುರ್ಚಿ ಹಾಕಿಕೊಂಡು, ಬೀಗ ಕೈಯಲ್ಲಿ ಹಿಡಿದೇ ಕುಳಿತಿದ್ದ ಮಹಮ್ಮದಗೌಸರನ್ನು, ಹೊರಗೆ ಗದ್ದಲ ಕೇಳಿಸಿತೇ ಎಂದು ಸಂಜೆ ಕೇಳಿದೆ. "ಡ್ರಮ್ಮು ಕೇಳ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ನಡುವ ನವಿಲು ಕೂಗಿದ್ದೂ ಕೇಳ್ತು. ಸಾಕಲ್ರಿ?" ಎಂದು ಬೀಗ ಜೇಬಿಗಿಳಿಸಿದರು.

ಜಯಾಳ ಸರದಿ ಮೂರನೆಯದು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಯಂಕವ್ವನಿಗೆ ಈ ಸಲ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು. ಹಾಸ್ಟೆಲಿನ ಊಟದ ಕೋಣೆಯ ಹಾಡು ಅದು. ತಾಟು ಹಿಡಿದು ಬಂದು ಕುಳಿತರೆ ಪಕ್ಕದವರು ಎದ್ದುಹೋಗುತ್ತಿದ್ದುದು, ಮೂರು ತಿಂಗಳು ಒಬ್ಬಳೇ ಉಂಡದ್ದು, ಕೊನೆಗೆ ಉಣ್ಣುವುದನ್ನೇ ಬಿಟ್ಟದ್ದು. ಅಲ್ಲಿದ್ದವರೆಲ್ಲ ಜೊತೆಗೆ ಕೂಗಿ ಹಾಡುತ್ತಿದ್ದರು. ಯಂಕವ್ವ ಮಾತ್ರ ಕೌದಿಯ ಅಂಚು ಹಿಡಿದು ನಿಂತಿದ್ದರು. ಅವರ ಮುಖ ನಾನು ನೋಡಿದೆ. ಪೆನ್ನು ಮುಚ್ಚಿಟ್ಟೆ.

ಈಗ ಅವರು ಹೊಲಿಯುತ್ತಿರುವುದು ಗೋದಾಮಿನ ಬಾಗಿಲಿನ ಅಳತೆಯ ಕೌದಿ. ಹದಿನಾರು ಸೀರೆ. ಶಬ್ದ ಅಲ್ಲಿಂದಲೇ ಸೋರುತ್ತದಂತೆ. "ಕಣ್ಣು ಇರೂತನ ಇದೊಂದ ಮುಗಸಬೇಕ್ರಿ, ಬ್ಯಾರೆ ಏನಿಲ್ಲ" ಎನ್ನುತ್ತಾರೆ.

ಎಂಟು ಗಂಟೆ. ಜಯಾ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತೇ ರೊಟ್ಟಿ ಮುರಿಯುತ್ತಾಳೆ. "ಆಯಿ, ನೀ ಆಮ್ಯಾಲ ಉಣ್ಣ, ನನಗ ಬಸ್ಸು ತಪ್ಪತೈತಿ." ಯಂಕವ್ವ ಸೂಜಿಯನ್ನು ಸೆರಗಿಗೆ ಚುಚ್ಚಿ, ಮೊಣಕಾಲು ಹಿಡಿದು ಮೇಲೆದ್ದು, ತಮ್ಮ ತಾಟನ್ನು ಮೊಮ್ಮಗಳ ಎದುರಿಗೆ ತಂದಿಟ್ಟುಕೊಳ್ಳುತ್ತಾರೆ.

"ಬಸ್ಸು ಇನ್ನೊಂದ ಬರ್ತೈತಿ, ಕುಂದರು" ಎಂದವರು ನನ್ನ ಕಡೆ ತಿರುಗಿ ಹೇಳುತ್ತಾರೆ: "ಈಕಿನ್ನ ಒಬ್ಬಾಕಿನ್ನ ಉಣ್ಣಾಕ ಬಿಡಂಗಿಲ್ರಿ ನಾ."