ಎರ್ಮಿನಿಯಾಳ ಅಳತೆ

ನಾನು ದಾವ್ಲೆ ಹೊಳೆಯ ದಂಡೆಯಲ್ಲಿ ಬಟ್ಟೆ ಹೊಲಿಯುವವಳು. ಪಕ್ಕದ ಮನೆಯ ಎರ್ಮಿನಿಯಾಳ ಮದುವೆಯ ಉಡುಪಿಗೆ ಮೂರು ಸಲ ಅಳತೆ ತೆಗೆದೆ. ಮೂರು ಸಲವೂ ಬಟ್ಟೆಗೆ ಕತ್ತರಿ ಹಾಕುವ ಹೊತ್ತು ಬರಲಿಲ್ಲ.

ಅವಳೂ ಎಲಿಯೊದೊರೊನೂ ನಮ್ಮ ಕಡೆಯ ಬಹಳ ಮಂದಿಯ ಹಾಗೆ ಮದುವೆಯಾಗದೆ ಸುಮ್ಮನೆ ಕೂಡಿ ಬಾಳಿದವರು. ಆದರೂ ಬಿಳಿ ಉಟ್ಟು ಒಮ್ಮೆ ಚರ್ಚಿನ ಮೆಟ್ಟಿಲು ಹತ್ತಬೇಕೆಂಬುದು ಅವಳ ಆಸೆ. "ಈ ಕೊಯ್ಲು ಮುಗೀಲಿ" ಅನ್ನುತ್ತಿದ್ದ ಅವನು. ಕೊಯ್ಲಿಗೆ ಮುಂಚೆಯೇ ಗದ್ದೆಗೆ ಬಿಳಿ ಪತಂಗಗಳು ಬಂದುಬಿಡುತ್ತಿದ್ದವು. ಭತ್ತದ ಮದುಮಗಳು ಅನ್ನುತ್ತೇವೆ ನಾವು. ಹಗಲೆಲ್ಲ ರೆಕ್ಕೆ ಮಡಚಿ ಗರಿಗೆ ಅಂಟಿಕೊಂಡು ಕೂತಿರುತ್ತವೆ. ಅವುಗಳ ಮರಿಹುಳು ಕಾಂಡ ಕೊರೆಯುತ್ತದೆ. ಬಿಳಿ ಕಂಡರೆ ಬೆಳೆ ಹೋಯಿತೆಂದೇ ಊರಿನವರೆಲ್ಲ ನಂಬಿದ್ದೆವು. ಪಕ್ಕದ ನನ್ನ ಗದ್ದೆಯ ಬೇಲಿಯಿಂದ ಮೊದಲು ಕೂಗುತ್ತಿದ್ದವಳು ನಾನೇ.

"ಕೊಂಪಾದ್ರೆ, ನಿನ್ನ ಗದ್ದೇಗೆ ದಿಬ್ಬಣ ಬಂದೈತೆ. ಔಷಧ ಹೊಡೀತೀಯೋ, ಊಟ ಹಾಕ್ತೀಯೋ?"

ಅವರಿಬ್ಬರ ಮಗಳಿಗೆ ಜ್ಞಾನಸ್ನಾನದ ತಾಯಿ ನಾನು. ಹಾಗಾಗಿ ನನಗೆ ಎಲಿಯೊದೊರೊ ಕೊಂಪಾದ್ರೆ, ಅವರಿಬ್ಬರಿಗೂ ನಾನು ಕೊಮಾದ್ರೆ.

ಮದುವೆಗೆಂದು ತೆಗೆದಿಟ್ಟದ್ದೆಲ್ಲ ಔಷಧದ ಡಬ್ಬಿಗೆ ಹೋಗುತ್ತಿತ್ತು. ಎರ್ಮಿನಿಯಾ ಬದುವಿನ ಮೇಲೆ ನಿಂತು ನಗುತ್ತಿದ್ದಳು.

"ನೋಡಿ ಕೊಮಾದ್ರೆ, ಇವಕ್ಕೆ ಅಳತೆ ತೆಗೆಯೋರೇ ಇಲ್ಲ. ಆದ್ರೂ ವರ್ಷಾ ವರ್ಷಾ ಉಟ್ಕೊಂಡು ಬರ್ತಾವೆ."

ಹೋದ ವರ್ಷ ಅವಳಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿ ಹೋಗಿಬಿಟ್ಟಳು. ನಾಲ್ಕನೆಯ ಅಳತೆಯನ್ನು ಮಂಚದ ಮೇಲೆಯೇ ತೆಗೆದೆ. ಸೊಂಟ ಎಷ್ಟು ಸಣ್ಣಗಾಗಿತ್ತು. ಬೆಳಿಗ್ಗೆ ಕತ್ತರಿಸಿ ಮಧ್ಯಾಹ್ನದೊಳಗೆ ಹೊಲಿದುಕೊಟ್ಟೆ. ಬಿಳಿ ಉಟ್ಟೇ ಚರ್ಚಿಗೆ ಹೋದಳು, ನಾಲ್ವರ ಹೆಗಲ ಮೇಲೆ. ನನಗೆ ಸಂಕಟ ತಡೆಯಲಾಗಲಿಲ್ಲ, ಬದುಕಿದ್ದಾಗ ಉಡಿಸಲಿಲ್ಲವೆಂದು ಎಲಿಯೊದೊರೊನನ್ನು ಎಲ್ಲರ ಮುಂದೆಯೇ ಬೈದೆ.

ಮುಂದಿನ ಬೆಳೆಗೆ ಅವನು ಔಷಧ ತರಲೇ ಇಲ್ಲ. ಕೇಳಿದ್ದಕ್ಕೆ, "ಯಾರ ಮದುವೆಗೆ ಹೊಡೀಲಿ?" ಅಂದ. ಗದ್ದೆ ತುಂಬ ಬಿಳಿ ಕೂತಿತು. ಆ ಸಲ ನಾನು ಕೂಗಲಿಲ್ಲ.

ಕೊಯ್ಲಾಯಿತು. ಔಷಧ ಹೊಡೆದ ನನ್ನ ಗದ್ದೆಯಲ್ಲಿ ಬಂದಷ್ಟೇ ಭತ್ತ ಅವನದರಲ್ಲೂ ಬಂತು. ಅವನು ಚೀಲಗಳ ನಡುವೆ ಕೂತು ಒಂದು ಹಿಡಿ ಭತ್ತವನ್ನು ಅಂಗೈಯಲ್ಲಿ ತಿಕ್ಕುತ್ತಿದ್ದ.

"ಅವು ಬೆಳೆಗೇನೂ ಮಾಡ್ತಿರಲಿಲ್ಲ, ಕೊಮಾದ್ರೆ. ಸುಮ್ಮನೆ ಕೂತಿರ್ತಿದ್ವು ಅಷ್ಟೆ. ಮೊದಲನೇ ವರ್ಷವೇ ಅವಳಿಗೆ ಬಟ್ಟೆ ಹೊಲಿಸಬಹುದಿತ್ತು."

ಪ್ರತಿ ವರ್ಷ ಬೇಲಿಯಾಚೆಯಿಂದ ಕೂಗಿದವಳು ನಾನು.