ಕಂಡಕ್ಟರಮ್ಮ ಊದದ ಸೀಟಿ

ಕಂಡಕ್ಟರಮ್ಮನ ಬಾಯಿ ಎಂಥದ್ದೆಂದು ಆ ಡಿಪೋದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಚಿಲ್ಲರೆ ಕೊಡದವರಿಗೆ, ಫುಟ್‌ಬೋರ್ಡಿನಲ್ಲಿ ಜೋತಾಡುವವರಿಗೆ, ತಡಮಾಡಿ ಬರುವ ಡ್ರೈವರಿಗೆ, ಎಲ್ಲರಿಗೂ ಮಂಗಳಾರತಿ ಒಂದೇ. ಹಿಂದೊಮ್ಮೆ ಬಂದ್ ದಿನ ಹುಡುಗರು ಬಸ್ಸಿಗೆ ಕಲ್ಲೆತ್ತಿದಾಗ ಗಾಜಿಗೆ ಬೆನ್ನು ಕೊಟ್ಟು ನಿಂತವಳೂ ಅವಳೇ. "ಇದೇನು ನಿಮ್ಮಪ್ಪನ ಮನೆ ಬಸ್ಸಾ? ನಾಳೆ ನಿಮ್ಮಮ್ಮಾನೇ ಇದ್ರಲ್ಲಿ ಆಸ್ಪತ್ರೆಗೆ ಹೋಗ್ಬೇಕು ಕಣ್ರೋ!" ಎಂದು ಬೈದು ಓಡಿಸಿದ್ದಳು. ಹಾಗಾಗಿ ಚಳವಳಿಯೆಂದರೆ ಅವಳಿಗೆ ಆಗದು ಎಂದೇ ಸಾಹೇಬರೆಲ್ಲ ನಂಬಿದ್ದರು. ಪಾಪ, ಅವರಿಗೇನು ಗೊತ್ತು!

ಒಂದು ದಿನ ಬೆಳಿಗ್ಗೆ ಹೆರಿಗೆ ಆಸ್ಪತ್ರೆ ಮುಚ್ಚಬಾರದೆಂದು ಒಂದಷ್ಟು ಹೆಂಗಸರು ಆರೋಗ್ಯ ಇಲಾಖೆ ಕಚೇರಿಯ ಮುಂದಿನ ಫುಟ್‌ಪಾತಿನಲ್ಲಿ ಕುಳಿತಿದ್ದರು. ಯಾರ ದಾರಿಗೂ ಅಡ್ಡವಿಲ್ಲ, ಕಲ್ಲಿಲ್ಲ, ಕೋಲಿಲ್ಲ. ಪೊಲೀಸರು ಆ ದಾರಿಯಲ್ಲಿ ಬಂದ ಕಂಡಕ್ಟರಮ್ಮನ ಬಸ್ಸು ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ಠಾಣೆಗೊಯ್ಯಲೆಂದು ಆ ಹೆಂಗಸರನ್ನು ರಟ್ಟೆ ಹಿಡಿದು ಒಳಕ್ಕೆ ತಳ್ಳಿದರು. ಒಬ್ಬ ಅಜ್ಜಿಯ ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಕಂಡಕ್ಟರಮ್ಮ ಇಳಿದುಹೋಗಿ ಅದನ್ನು ತಂದುಕೊಟ್ಟಳು.

"ಹೂಂ, ಹೊರಡ್ಲಿ," ಎಂದ ಇನ್ಸ್‌ಪೆಕ್ಟರ್.

ಕಂಡಕ್ಟರ್ ಸೀಟಿ ಊದದೆ ಬಸ್ಸು ಕದಲುವಂತಿಲ್ಲ. "ನಾನು ಊದಲ್ಲ ಸಾರ್," ಎಂದಳು. "ಸುಮ್ನೆ ಕೂತವರನ್ನ ಎಳ್ಕೊಂಡು ಹೋಗೋಕೆ ನಾನು ರೈಟ್ ಅನ್ನಲ್ಲ."

ಕೆಂಡಾಮಂಡಲವಾದ ಇನ್ಸ್‌ಪೆಕ್ಟರ್ ತನ್ನ ಸೀಟಿಯನ್ನೇ ಊದಿದ. ಡ್ರೈವರ್ ಅಲುಗಾಡಲಿಲ್ಲ. "ಪೊಲೀಸರು ಊದಿದ್ರೆ ನಿಲ್ಸು ಅಂತಲ್ವಾ ಸಾರ್?" ಎಂದ. ಒಳಗಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಇನ್ಸ್‌ಪೆಕ್ಟರ್ ಡಿಪೋಗೆ ಫೋನು ಹಚ್ಚಿದಾಗ ಡ್ರೈವರಿಗೂ ಪುಕಪುಕ ಶುರುವಾಯಿತು. "ಅಕ್ಕಾ, ಒಂದು ವೈರು ಕಿತ್ಬಿಡ್ತೀನಿ, ಗಾಡಿ ಕೆಟ್ಟಿದೆ ಅನ್ನೋಣ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಗಾಡಿ ಮೇಲೆ ಯಾಕೋ ತಪ್ಪು ಹೊರಿಸ್ತೀಯ? ಅದು ಚೆನ್ನಾಗೇ ಇದೆ. ಆಗಲ್ಲ ಅಂದಿದ್ದು ನಾನು."

ಬೇರೆ ಕಂಡಕ್ಟರ್ ಬಂದ, ಬಸ್ಸು ಹೋಯಿತು, ಅವಳು ಅಮಾನತಾದಳು. ಗಂಡ ಸತ್ತ ಮೇಲೆ ಮನೆಯ ಒಲೆ ಉರಿಯುತ್ತಿದ್ದುದೇ ಆ ಕೆಲಸದಿಂದ. ವಿಚಾರಣೆಯ ದಿನ ಬಾಗಿಲವರೆಗೂ ಬಂದ ಮಗಳು ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಂದ್ಬಿಡಮ್ಮಾ. ನಿನ್ನ ಗಂಟೇನು ಹೋಗುತ್ತೆ?"

ವಿಚಾರಣೆಗೆ ಕೂತ ಡಿಪೋ ಮ್ಯಾನೇಜರ್ ಕೆಟ್ಟವನೇನಲ್ಲ, ಅವಳನ್ನು ಉಳಿಸಲು ದಾರಿಯನ್ನೂ ಹುಡುಕಿಟ್ಟಿದ್ದ. "ಗಾಬರೀಲಿ ಏನೂ ತೋಚ್ಲಿಲ್ಲ ಅಂತ ಹೇಳಮ್ಮಾ, ಸಾಕು. ನಾಳೇನೇ ಡ್ಯೂಟಿಗೆ ಬಾ."

ಕಂಡಕ್ಟರಮ್ಮನಿಗೆ ಅಳು ಒತ್ತರಿಸಿ ಬಂತು. ಕೆಲಸ ಬೇಕಿತ್ತು, ಯಾರಿಗೆ ಬೇಡ?

"ಗಾಬರಿ ಆಗಿರ್ಲಿಲ್ಲ ಸಾರ್. ಗೊತ್ತಿದ್ದೇ ಊದಲಿಲ್ಲ. ಶಿಕ್ಷೆ ಏನಿದ್ಯೋ ಕೊಡಿ, ತಗೋತೀನಿ. ಆದ್ರೆ ನಾಳೆ ಹಂಗೇ ಜನರನ್ನ ಎಳ್ದು ಹತ್ತಿಸಿದ್ರೆ ನಾಳೇನೂ ಊದಲ್ಲ."

"ಹಂಗಾದ್ರೆ ಕೆಲಸ ಹೋಗುತ್ತಮ್ಮಾ."

"ಹೋಗ್ಲಿ," ಎಂದಳು, ಸೆರಗಿನಲ್ಲಿ ಮೂಗೊರೆಸಿಕೊಂಡು. "ಹೆದರ್ಕೊಂಡ್ಲು ಅಂತ ಮಾತ್ರ ಬರೀಬೇಡಿ."